ಗಾಳದ ತುದಿಯ ನಡುಕ

ಮೀನು ತಿನ್ನದವಳನ್ನು ಮೀನು ಹಿಡಿಯಲು ಕರೆದುಕೊಂಡು ಹೋಗುವ ಯೋಚನೆ ಯಾರ ತಲೆಯಲ್ಲಿ ಹುಟ್ಟಿತೋ ಗೊತ್ತಿಲ್ಲ. ಕೇಳಿದರೆ ಇಬ್ಬರೂ ಒಬ್ಬರ ಕಡೆ ಒಬ್ಬರು ಕೈ ತೋರಿಸುತ್ತಾರೆ. ಒಬ್ಬರು ಇಲ್ಲಿ ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ನಮ್ಮ ಪಕ್ಕದ ಬೀದಿಯ ಡಾಕ್ಟರು, ಕಲಬುರಗಿಯವರು, ಸರ್ಜನ್. ಇನ್ನೊಬ್ಬಳು ಬೀಸ್ಟನ್‌ನಲ್ಲಿದ್ದುಕೊಂಡು ಪಿಎಚ್‌ಡಿ ಮಾಡುತ್ತಿರುವ ಕುಂದಾಪುರದ ಹುಡುಗಿ. ನನ್ನನ್ನು ಆರಿಸಿದ ಕಾರಣ ಮಾತ್ರ ಸ್ಪಷ್ಟ. ನಾನು ಜಿಮ್‌ನಲ್ಲಿ ರೋಯಿಂಗ್ ಮಷೀನ್ ಎಳೆಯುತ್ತೇನೆ. ಅದನ್ನು ಎಳೆಯುವವಳು ದೋಣಿಯನ್ನೂ ಎಳೆಯುತ್ತಾಳೆ ಎಂಬುದು ಇವರ ಲೆಕ್ಕಾಚಾರ.

ಹೀಗೆ, ಟಿವಿಡೇಲ್ ದೇವಸ್ಥಾನಕ್ಕೆ ಹೋಗಬೇಕಾದ ಶನಿವಾರ ನಾನು ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತಿದ್ದೆ. ದೇವರ ಮೊದಲ ಅವತಾರವೇ ಮೀನು, ಹೆಚ್ಚುಕಮ್ಮಿಯಾದರೆ ಅವನು ಕೇಳುವುದು ನನ್ನನ್ನೇ. ಅದಕ್ಕೇ ಒಂದು ಷರತ್ತು ಹಾಕಿದ್ದೆ: ನನ್ನ ದೋಣಿಯಲ್ಲಿ ಮೀನು ಸಾಯಕೂಡದು. ಡಾಕ್ಟರು ನಕ್ಕು, ಈ ಕೆರೆಯ ಕ್ಲಬ್ಬಿನವರ ನಿಯಮವೂ ಅದೇ, ಹಿಡಿದದ್ದನ್ನು ಜೀವಂತ ವಾಪಸ್ ಬಿಡಬೇಕು ಎಂದರು. ಆಗ ಹುಡುಗಿಯ ಮುಖ ನೋಡಬೇಕಿತ್ತು. ಪಾಪ, ಡಬ್ಬಿ ತುಂಬ ಮಸಾಲೆ ರುಬ್ಬಿ ತಂದಿದ್ದಳು. ಕರಾವಳಿಯವಳು, ಎಲ್ಲ ಬಲ್ಲವಳು ಎಂದು ನಾವು ನಂಬಿದ್ದೆವು. ಅವಳಪ್ಪ ಬ್ಯಾಂಕಿನಲ್ಲಿದ್ದವರಂತೆ; ಅವಳಿಗೆ ಗೊತ್ತಿದ್ದದ್ದು ತಿನ್ನುವುದೊಂದೇ.

ಟ್ರೋಲಿಂಗ್ ಎನ್ನುವ ಈ ಬಗೆಯ ಮೀನುಬೇಟೆ ದೊಡ್ಡ ವಿದ್ಯೆಯೇನಲ್ಲ. ದಾರಕ್ಕೆ ರಬ್ಬರ್ ಮೀನು ಕಟ್ಟಿ, ದೋಣಿಯ ಹಿಂದೆ ನೀರಿಗೆ ಬಿಟ್ಟು ನಿಧಾನಕ್ಕೆ ಹೋಗುತ್ತಿರುವುದು. ಹೋಗುವುದು ಎಂದರೆ ನಾನು ಬೆವರುವುದು, ಅವರಿಬ್ಬರೂ ಗಾಳದ ಕೋಲು ಹಿಡಿದು ಮಹಾರಾಜರ ಹಾಗೆ ಕೂರುವುದು. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಹಾಗಾಗಿ ಬೆಳಿಗ್ಗೆಯೆಲ್ಲ ನನ್ನ ಕಣ್ಣೆದುರಿಗಿದ್ದದ್ದು ಡಾಕ್ಟರ ಬಲಗೈ.

ಆ ಕೈ ಚಳಿಗಾಲದಲ್ಲಿ ಅವರು ಐಸ್ ಮೇಲೆ ಜಾರಿ ಬಿದ್ದಾಗ ಮಣಿಕಟ್ಟಿನ ಹತ್ತಿರ ಮುರಿದಿತ್ತು. ಮೂಳೆ ಕೂಡಿತು. ಪರೀಕ್ಷೆ ಮಾಡಿದವರೆಲ್ಲ ಸರಿಹೋಗಿದೆ, ಕೆಲಸಕ್ಕೆ ಬನ್ನಿ ಎಂದರು. ಇವರು ಹೊರರೋಗಿಗಳನ್ನು ನೋಡುತ್ತ ಕೂತರೇ ಹೊರತು ಆಪರೇಷನ್ ಥಿಯೇಟರಿನ ಬಾಗಿಲು ದಾಟಲಿಲ್ಲ. ಆಪರೇಷನ್ ಡ್ಯೂಟಿಯ ಪಟ್ಟಿ ಬಂದಾಗಲೆಲ್ಲ ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದರು. ಅವರ ಹೆಂಡತಿ ನನ್ನ ಅಡುಗೆಮನೆಯಲ್ಲಿ ಕೂತು, ಈ ಮನುಷ್ಯ ಇನ್ನು ಆಪರೇಷನ್ ಮಾಡುವುದಿಲ್ಲ ಅಕ್ಕ, ಹೆದರಿಬಿಟ್ಟಿದ್ದಾರೆ ಎಂದಿದ್ದಳು.

ಅಂದು ಅವರ ಕೋಲಿನ ತುದಿ ಆಗಾಗ ಅಲುಗುತ್ತಿತ್ತು. ಪ್ರತಿ ಸಲವೂ ಹುಡುಗಿ ಸಿಕ್ಕಿತು ಸಿಕ್ಕಿತು ಎಂದು ಎದ್ದು, ದೋಣಿ ಮಗುಚುವುದೊಂದು ಬಾಕಿ. ದಾರ ಸುತ್ತಿ ನೋಡಿದರೆ ಏನೂ ಇಲ್ಲ. ಅಲುಗಿದ್ದು ಕೈ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಮೀನು ನಿಮ್ಮ ಆಪರೇಷನ್ನಿನ ವೇಟಿಂಗ್ ಲಿಸ್ಟ್ ನೋಡಿ ಓಡಿಹೋಯಿತು ಡಾಕ್ಟ್ರೇ ಎಂದು ಏನೋ ಒದರಿದೆ.

ಕೊನೆಗೆ ಮೀನು ಬಿದ್ದದ್ದು ಹುಡುಗಿಯ ಗಾಳಕ್ಕೆ. ಎಳೆದೂ ಎಳೆದೂ ಬಲೆಗೆ ಹಾಕಿದರೆ ದೊಡ್ಡ ಪರ್ಚ್ ಮೀನು. ಮೈಮೇಲೆ ಕಪ್ಪು ಪಟ್ಟೆ, ಕೆಂಪು ರೆಕ್ಕೆ, ಬೆನ್ನ ತುಂಬ ಮುಳ್ಳು. ಕೊಕ್ಕೆಯನ್ನು ಗಂಟಲ ತನಕ ನುಂಗಿಕೊಂಡಿತ್ತು. ಹುಡುಗಿ ಮಸಾಲೆ ಮರೆತು ಅಯ್ಯೋ ಪಾಪ ಎಂದಳು. ಕೊಕ್ಕೆ ಬಿಡಿಸಲು ಗಾಳದ ಸಾಮಾನಿನ ಚೀಲದಲ್ಲಿ ಫೋರ್ಸೆಪ್ಸ್ ಇತ್ತು, ಥೇಟ್ ಆಸ್ಪತ್ರೆಯದೇ. ಡಾಕ್ಟರು ಅದನ್ನು ತೆಗೆದು ಹುಡುಗಿಗೆ ಕೊಟ್ಟರು. ಅವಳು ಅಳುಮೋರೆ ಮಾಡಿ ನನ್ನ ಕಡೆ ಚಾಚಿದಳು. ನನಗೆ ರೇಗಿಹೋಯಿತು.

“ನಾನು ಬದನೆಕಾಯಿ ಹೆಚ್ಚೋಳು. ಸರ್ಜನ್ ಇಲ್ಲೇ ಕೂತಿದ್ದಾರಲ್ಲ, ಅವರು ತೆಗೀಲಿ.”

“ಅಕ್ಕ, ಕೈ ನಡುಗುತ್ತೆ,” ಎಂದರು ಡಾಕ್ಟರು. ಅಷ್ಟು ತಿಂಗಳಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

“ನಡುಗಲಿ. ಹಾಗೇ ಬಿಟ್ಟರೂ ಸಾಯುತ್ತೆ. ತೆಗೀರಿ.”

ಎಡಗೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದರು. ಮೊದಲ ಸಲ ಫೋರ್ಸೆಪ್ಸ್ ಜಾರಿತು. ನಾನು ಕಣ್ಣು ಮುಚ್ಚಲಿಲ್ಲ. ಠೈರೋ, ಠೈರೋ ಎಂದು ತಮ್ಮ ಮನೆಮಾತಾದ ಉರ್ದುವಿನಲ್ಲಿ ಮೀನಿಗೆ ತಾಳುವಂತೆ ಸಮಾಧಾನ ಹೇಳುತ್ತ ಮತ್ತೆ ಒಳಗೆ ಹಾಕಿದರು. ಆಮೇಲೆ ಆ ಕೈ ಅಲುಗಲೇ ಇಲ್ಲ. ಒಂದಿಷ್ಟು ತಿರುಗಿಸಿದರು, ಕೊಕ್ಕೆ ಹೊರಗೆ ಬಂತು. ನಾನು ಹುಟ್ಟು ಬಿಟ್ಟು ಕೂತಿದ್ದರಿಂದ ದೋಣಿ ಹೋಗಿ ಜೊಂಡಿಗೆ ಸಿಕ್ಕಿಕೊಂಡಿತ್ತು. ಡಾಕ್ಟರು ಮೀನನ್ನು ನೀರಿನಲ್ಲಿ ನೆಟ್ಟಗೆ ಹಿಡಿದುಕೊಂಡೇ ಇದ್ದರು. ಅದು ಚೇತರಿಸಿಕೊಂಡು, ಅವರ ಮುಖಕ್ಕೇ ನೀರು ಚಿಮ್ಮಿಸಿ ಹೋಯಿತು.

ಡಾಕ್ಟರು ಮುಖ ಒರೆಸಿಕೊಳ್ಳಲಿಲ್ಲ. ಕೈ ಒದ್ದೆಯಾಗಿದೆ, ನನ್ನ ಮನೆಗೆ ಫೋನ್ ಹಚ್ಚಿಕೊಡು ಎಂದು ಹುಡುಗಿಗೆ ಹೇಳಿದರು. ಅವಳು ಸ್ಪೀಕರ್ ಹಾಕಿ ಹಿಡಿದಳು. ಮೀನು ಸಿಕ್ಕಿತಾ, ಎಷ್ಟು ದೊಡ್ಡದು ಎಂದು ಆ ಕಡೆಯಿಂದ ಹೆಂಡತಿ ಕೇಳಿದಳು. ಇವರು ಮೀನಿನ ಮಾತೇ ಎತ್ತದೆ, ಸೋಮವಾರದಿಂದ ಥಿಯೇಟರಿಗೆ ಹೋಗುತ್ತೇನೆ ಎಂದರು. ಆ ಕಡೆ ಸದ್ದಿಲ್ಲ. ಡಾಕ್ಟರು ಹಲೋ, ಹಲೋ ಎಂದು ಫೋನಿನತ್ತ ಬಗ್ಗಿದರು. ಇಲ್ಲಿ ಸಿಗ್ನಲ್ಲೇ ಇರುವುದಿಲ್ಲ ಎಂದು ಗೊಣಗಿದರು.

“ಸಿಗ್ನಲ್ ಇದೆ ಡಾಕ್ಟ್ರೇ,” ಎಂದೆ. “ಅಳ್ತಿದ್ದಾಳೆ. ಸ್ವಲ್ಪ ಸುಮ್ಮನಿರಿ.”