ಚಾಚಿಯ ಕೋಣೆಯ ತಂಪು

ಚಾಚಾರ ಅಂಗೈ ಗೆರೆಗಳಲ್ಲಿ ಟೈರಿನ ಕಪ್ಪು ಇಳಿದು ಕೂತಿತ್ತು. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅದರ ಮೇಲೆ ಅದಿರಿನ ಕೆಂಧೂಳು ಬೇರೆ. “ನನ್ನ ಕೈ ನೋಡಿ ಭವಿಷ್ಯ ಹೇಳೋನು ಇನ್ನೂ ಹುಟ್ಟಿಲ್ಲ ಟೀಚರಮ್ಮಾ, ಗೆರೀನ ಕಾಣಂಗಿಲ್ಲ” ಎಂದು ನಗುತ್ತಿದ್ದರು.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಕುರುಗೋಡಿನ ಶಾಲೆಯಲ್ಲಿ ನೌಕರಿ; ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಬರುವುದು ಸಂಜೆಗೇ. ಮನೆ ಮಾಲೀಕರನ್ನು ಎಲ್ಲರಂತೆ ನಾನೂ ಚಾಚಾ ಎನ್ನುತ್ತಿದ್ದೆ. ಗಣಿಯ ಅಬ್ಬರದ ಕಾಲವದು. ಲಾರಿ ಓಡಿದಷ್ಟೂ ಟೈರು ಸವೆಯುತ್ತಿತ್ತು, ಟೈರು ಸವೆದಷ್ಟೂ ಚಾಚಾರ ಟೈರಂಗಡಿ ತುಂಬಿ ತುಳುಕುತ್ತಿತ್ತು. ಆದರೂ ಆ ಮನುಷ್ಯ ಬಿಸಿಲೇರುವಷ್ಟರಲ್ಲಿ ಅಂಗಡಿಯನ್ನು ತಮ್ಮನ ಕೈಗೆ ಬಿಟ್ಟು ಮನೆಗೆ ಓಡಿ ಬರುತ್ತಿದ್ದರು. ಚಾಚಿಗಾಗಿ.

ಚಾಚಿ ಸಿರುಗುಪ್ಪದವರು. ಮೆಟ್ಟಿಲಿಂದ ಜಾರಿ ಬಿದ್ದು, ಕುತ್ತಿಗೆಯಿಂದ ಕೆಳಗೆ ಎಲ್ಲ ನಿಂತುಹೋಗಿತ್ತು. ಬಾಯಿ ಮಾತ್ರ ನಿಂತಿರಲಿಲ್ಲ, ಪುಣ್ಯಕ್ಕೆ. ಮಲಗಿದಲ್ಲಿಂದಲೇ ಇಡೀ ಮನೆ ಆಳುತ್ತಿದ್ದರು. ಆದರೆ ಆ ಪೆಟ್ಟಿನಿಂದ ಅವರ ಮೈ ಬೆವರುವುದೂ ನಿಂತಿತ್ತು. ಬೆವರದ ಮೈ ಕಾವನ್ನು ಹೊರಹಾಕಲಾರದು, ಕೋಣೆ ತಂಪಾಗಿರಲೇಬೇಕು, ಇಲ್ಲದಿದ್ದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಹೇಳಿದ್ದರು. ಹೇಳುವುದು ಸುಲಭ. ಬಳ್ಳಾರಿಗಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ.

ಗಣಿ ಧಣಿಯೊಬ್ಬರು ಬಂಗಲೆ ಕೆಡವಿ ಹೊಸದು ಕಟ್ಟಿಸುವಾಗ ಕಳಚಿಸಿದ ದೊಡ್ಡ ಎಸಿ ಮೆಷಿನ್ನನ್ನು ಚಾಚಾ ತಂದು ಅಟ್ಟದಲ್ಲಿ ಕೂರಿಸಿದರು. ಗೋಡೆಗೆ ಅದರ ಥರ್ಮೋಸ್ಟಾಟ್. ಕೋಣೆಯ ಸೆಕೆ ಎಷ್ಟೆಂದು ತಾನೇ ತಿಳಿದು ಮೆಷಿನ್ನನ್ನು ಚಾಲೂ ಮಾಡಿ, ತಂಪಾದ ಮೇಲೆ ತಾನೇ ನಿಲ್ಲಿಸುವ ಫಾರಿನ್ ಡಬ್ಬಿ.

“ನನಗಿಂತ ಶಾಣ್ಯಾ ಐತಿ ನೋಡ್ರಿ, ಹೇಳದಿದ್ರೂ ತಿಳ್ಕಂತೈತಿ” ಎನ್ನುವರು ಚಾಚಾ.

“ನಿಮಗಿಂತ ಶಾಣ್ಯಾ ಆಗಾಕ ಭಾಳೇನ್ ಬೇಕ್ರಿ?” ಒಳಗಿಂದ ಚಾಚಿ.

ಎಸಿಯಿಂದ ಇಳಿಯುವ ನೀರನ್ನು ನಮ್ಮ ಕಡೆ ಯಾರೂ ಚೆಲ್ಲುವುದಿಲ್ಲ, ಅದು ಬ್ಯಾಟರಿಗೆ ಒಳ್ಳೆಯದು. ಕರೆಂಟು ಹೋದಾಗ ಚಾಚಿಯ ಫ್ಯಾನಿಗೆ ಇನ್ವರ್ಟರೇ ಗತಿಯಾದ್ದರಿಂದ ಚಾಚಾಗೆ ಆ ನೀರಿನ ಮೇಲೆ ಪ್ರಾಣ. ಹಿತ್ತಿಲಲ್ಲಿ ಪೈಪನ್ನು ಕ್ಯಾನಿನೊಳಗೆ ತೂರಿಸಿ, ಕೆಂಧೂಳು ಬೀಳಬಾರದೆಂದು ಬಾಯಿಗೆ ಹಳೇ ಟ್ಯೂಬಿನ ರಬ್ಬರು ಸುತ್ತಿ ಬಿಗಿದಿದ್ದರು. ಟೈರಿನವರ ಕೈ, ಕೇಳಬೇಕೆ? ಗಾಳಿಯೂ ಆಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಿಚ್ಚಿ, ಇನ್ವರ್ಟರಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಅಂಗಡಿಗೆ ಬರುವ ಲಾರಿಯವರಿಗೆ ಕೊಡುತ್ತಿದ್ದರು.

ಅದನ್ನು ಕೂರಿಸಿದ ವರ್ಷವೇ, ಮುಂಗಾರಿಗೆ ಮುಂಚೆ, ಡಬ್ಬಿ ಕೈಕೊಡಲು ಶುರುಮಾಡಿತು. ಅಂಕಿ ಮಾಯವಾಗಿ ಪರದೆ ಬೋಳಾಗುತ್ತಿತ್ತು, ಮೆಷಿನ್ನು ನಿಲ್ಲುತ್ತಿತ್ತು. ಚಾಚಾ ಪ್ಲಗ್ಗು ಬದಲಿಸಿದರು. ಸ್ಟೆಬಿಲೈಸರ್ ಬದಲಿಸಿದರು. ಎಲೆಕ್ಟ್ರಿಷಿಯನ್ ಬಂದು ಫ್ಯೂಸ್ ನೋಡಿ, ವೈರು ಬಿಚ್ಚಿ ಕಟ್ಟಿ, “ಡಬ್ಬಿಗೆ ಕರೆಂಟಾ ಬರವಲ್ದು, ಯಾಕಂತ ತಿಳಿವಲ್ದು” ಎಂದು ಕೈಚೆಲ್ಲಿದ. ಧಣಿಯ ಮ್ಯಾನೇಜರು ಫೋನೇ ಎತ್ತಲಿಲ್ಲ. ವಿಚಿತ್ರವೆಂದರೆ ಮಾರನೇ ಬೆಳಿಗ್ಗೆ ಅದು ತಾನಾಗಿ ಬೆಳಗುತ್ತಿತ್ತು! ಒಂದು ದಿನ ಹೊಸ ಸ್ಟೆಬಿಲೈಸರಿನ ಗುಣ ಎಂದುಕೊಂಡೆವು. ಇನ್ನೊಂದು ದಿನ ಚಾಚಾ ದರ್ಗಾದಿಂದ ತಂದು ಕಟ್ಟಿದ ತಾಯತದ್ದು. ನಾನೂ ಕುರುಗೋಡು ಬಸವಣ್ಣನಿಗೆ ಕಾಯಿ ಒಡೆಸಿದೆ. ಮಧ್ಯಾಹ್ನ ಮತ್ತೆ ಅದೇ ರಾಗ, ಅದೇ ಹಾಡು. ಕರೆಂಟಿನ ಕಾಯಿಲೆಗೆ ನೀರನ್ನು ಯಾರು ನೋಡುತ್ತಾರೆ?

ಒಂದು ಭಾನುವಾರ ಕೆಳಗಿಳಿದು ಬಂದೆ. ಮೋಡ ಕಟ್ಟಿ ಮಳೆ ಬಾರದ ಕುದಿ. ಚಾಚಿಯ ಮುಖ ಕೆಂಪಾಗಿತ್ತು, ಮೈ ಮುಟ್ಟಿದರೆ ಸುಡುತ್ತಿತ್ತು. ನಾನು ಒದ್ದೆ ಟವೆಲ್ ಹಾಕತೊಡಗಿದೆ. ಚಾಚಾ ಗೋಡೆಯ ಮುಂದೆ ನಿಂತು, ಹಟ ಹಿಡಿದ ಮಗುವನ್ನು ರಮಿಸುವಂತೆ ಡಬ್ಬಿಯನ್ನು ಸವರುತ್ತಿದ್ದರು. “ಏಳಪ್ಪಾ, ಇವತ್ತೊಂದಿನ ನಡೆಸಿಬಿಡು. ನಾಳಿಂದ ಏನಾರ ಮಾಡ್ಕೊ.”

“ಅದರ ಮುಂದ ಏನ್ ಬೇಡ್ಕೊಂತೀರಿ? ಈ ಕಡಿ ಬಂದು ಕುಂದುರ್ರಿ” ಎಂದರು ಚಾಚಿ. ದನಿ ಸಣ್ಣಗಾಗಿತ್ತು. ಅಂಗೈಯಗಲದ ಆ ಡಬ್ಬಿಯ ಮುಂದೆ ನಾವಿಬ್ಬರೂ ಏನೂ ಮಾಡಲಾರದೆ ನಿಂತಿದ್ದೆವು.

ಆಸ್ಪತ್ರೆಗೆ ಒಯ್ದೆವು. ಎದೆಯಲ್ಲಿ ಕಫ ಕಟ್ಟಿದೆ ಎಂದರು ಡಾಕ್ಟರು. ಜ್ವರ ಇಳಿಯಲೇ ಇಲ್ಲ. ಮೊದಲ ಮಳೆ ಬಿದ್ದ ವಾರ ಚಾಚಿ ಹೋಗಿಬಿಟ್ಟರು.

ನಲವತ್ತನೇ ದಿನದ ಫಾತಿಹಾ ಮುಗಿದ ಮೇಲೆ, ಮೆಷಿನ್ನು ಬಿಚ್ಚಿಸಲು ಚಾಚಾ ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಒಬ್ಬನನ್ನು ಕರೆಸಿದರು. ಅವನು ಸ್ವಿಚ್ ಹಾಕಿದ್ದೇ ತಡ ಡಬ್ಬಿ ಬೆಳಗಿತು. ಹಾಗಾದರೆ ಮೊದಲೇಕೆ ಹೀಗೆ ಎಂದು ಹುಡುಕುತ್ತ ಹಿತ್ತಿಲಿಗೆ ಹೋದವನು ಕ್ಯಾನ್ ನೋಡಿ ನಿಂತ.

“ಇಷ್ಟು ಬಿಗಿದು ಕಟ್ಟಿದ್ರ ಗಾಳಿ ಎಲ್ಲಿಂದ ಹೋಗಬೇಕ್ರಿ? ಮೋಡದ ಸೆಕಿಗೆ ನೀರು ಭಾಳ ಇಳದು, ವಾಪಸ್ ಮ್ಯಾಲೇರತೈತಿ. ಮೆಷಿನ್ನಿನೊಳಗ ತೇಲೋ ಸ್ವಿಚ್ ಐತಿ. ನೀರು ಏರಿತಂದ್ರ ಮಾಳಿಗಿ ಸೋರಬಾರದಂತ ಅದು ಕರೆಂಟ್ ಬಂದ್ ಮಾಡತೈತಿ. ಇಷ್ಟು ದಿನ ಬಂದ್ ಇತ್ತಲ್ಲ, ನೀರು ಆರಿ ಈಗ ಚಾಲೂ ಆತು. ಡಬ್ಬೀದೇನೂ ತಪ್ಪಿಲ್ಲ.”

ದಿನಾ ಬೆಳಿಗ್ಗೆ ಕ್ಯಾನು ಬಿಚ್ಚಿದಾಗ ನೀರು ಇಳಿದು ಕರೆಂಟು ಬರುತ್ತಿತ್ತು. ಅಷ್ಟೇ. ನಾವು ಸ್ಟೆಬಿಲೈಸರು, ತಾಯತ, ಬಸವಣ್ಣ ಎಂದುಕೊಂಡಿದ್ದೆವು.

ಚಾಚಾ ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು. “ಹಂಗಾರ ನಾನಾ ಏನು ಟೀಚರಮ್ಮಾ?”

“ಇಲ್ಲ ಚಾಚಾ, ಡಾಕ್ಟರ್ ಹೇಳ್ಯಾರಲ್ಲ, ಎದಿ ಕಫ ಅಂತ.”

“ಧೂಳು ಬೀಳಬಾರದಂತ ಕಟ್ಟಿದ್ದೆ. ಇನ್ವರ್ಟರ್ ನಿಂತ್ರ ಆಕಿ ಫ್ಯಾನು...”

ಆಮೇಲೂ ಅವರು ಕೆಲವು ವರ್ಷ ಇದ್ದರು. ನಾನು ಬೇರೆ ಮನೆಗೆ ಹೋದೆ, ಆದರೆ ನೋಡಲು ಬರುವುದು ಬಿಡಲಿಲ್ಲ. ಬಂದಾಗಲೆಲ್ಲ ಹೇಳುತ್ತಿದ್ದೆ, “ನಿಮ್ಮ ತಪ್ಪಲ್ಲ ಚಾಚಾ.” ಅವರು ಹೂಂ ಎಂದು ತಲೆಯಾಡಿಸುತ್ತಿದ್ದರು. ಕೊನೆಗೂ ಒಪ್ಪಿಕೊಂಡರಲ್ಲ ಎಂದು ನಾನು ಹಗುರಾಗಿ ಮನೆಗೆ ಹೋಗುತ್ತಿದ್ದೆ.

ಅವರು ತೀರಿಕೊಂಡ ದಿನ ಬಾಗಿಲಲ್ಲಿ ನಿಂತು ಅಳುತ್ತಿದ್ದ ನನ್ನ ಹತ್ತಿರ ಅವರ ತಮ್ಮ ಬಂದರು. “ಭಾಯಿ ನಿಮ್ಮ ಬಗ್ಗೆ ಭಾಳ ಹೇಳ್ತಿದ್ರು ಟೀಚರಮ್ಮಾ. ‘ಆಕಿ ಬಂದು ತಪ್ಪಲ್ಲ ಅಂದಾಗೆಲ್ಲ ಹೂಂ ಅನ್ನಬೇಕಲೇ, ಇಲ್ಲಾಂದ್ರ ಪಾಪ, ಆ ಹುಡುಗಿ ನಿದ್ದಿ ಮಾಡಂಗಿಲ್ಲ’ ಅಂತಿದ್ರು.”