ಟಕೆಟ್ ಮನೆಯ ಖಾಲಿ ಸಾಲು

ಮೊದಲ ಮಹಾಯುದ್ಧದಲ್ಲಿ ಸತ್ತ ನಮ್ಮೂರ ಹುಡುಗರ ನೆನಪಿಗೆಂದು ಚರ್ಚಿನ ಸಮಾಧಿಗಳ ನಡುವೆ ಕಲ್ಲಿನ ಶಿಲುಬೆ ನಿಲ್ಲಿಸಿದಾಗ, ಹೆಸ್ಟರ್ ಟಕೆಟ್ ತನ್ನ ಮಗ ವಿಲ್ಫನ ಹೆಸರು ಕೆತ್ತಲು ಬಿಡಲಿಲ್ಲ.

"ಕಾಣೆಯಾಗಿದ್ದಾನೆ ಅಂತಷ್ಟೇ ಸೈನ್ಯದವ್ರು ಹೇಳಿರೋದು. ಸತ್ತ ಅನ್ನೋಕೆ ನೀವ್ಯಾರು?" ಎಂದು ಪಾದ್ರಿಯನ್ನೇ ಕೇಳಿದಳು. ಹೆಸರುಗಳು ಅಕ್ಷರಕ್ರಮದಲ್ಲಿದ್ದುದರಿಂದ ಮುಂದೆ ಬೇಕಾದರೆ ಕೆತ್ತಲೆಂದು ಕಲ್ಲುಕುಟಿಗ ವಿಲ್ಫನ ಹೆಸರು ಬರಬೇಕಾದ ಜಾಗದಲ್ಲಿ ಒಂದು ಸಾಲು ಖಾಲಿ ಬಿಟ್ಟ.

ಸಮಾಧಿ ತೋಡುವ ನನಗೇ ಆ ಕಲ್ಲು ತೊಳೆಯುವ ಕೆಲಸವೂ ಬಿತ್ತು. ಖಾಲಿ ಸಾಲನ್ನು ಮಾತ್ರ ನಾನು ಮುಟ್ಟುವ ಹಾಗಿರಲಿಲ್ಲ. ಅದನ್ನು ಅವಳೇ ತನ್ನ ಏಪ್ರನ್ನಿನ ತುದಿಯಿಂದ ಒರೆಸುತ್ತಿದ್ದಳು. ಪ್ರತಿ ನವೆಂಬರಿನಲ್ಲಿ, ಯುದ್ಧ ನಿಂತ ದಿನದಂದು, ಪಾದ್ರಿ ಹೆಸರುಗಳನ್ನು ಓದುವಾಗ ಊರೆಲ್ಲ ಅತ್ತರೂ ಅವಳು ಆಚೆಯ ಟರ್ನಿಪ್ ಹೊಲ ನೋಡುತ್ತ ನಿಂತಿರುತ್ತಿದ್ದಳು. ಸೊಕ್ಕು ಅಂದರು ಜನ. ಅಂಥವರ ಬಾಯಿಗೆ ಹುಳ ಬೀಳ.

ಇನ್ನೊಂದು ಯುದ್ಧವೂ ಬಂದು ಮುಗಿಯಿತು. ಅದರಲ್ಲಿ ಸತ್ತವರ ಹೆಸರು ಕೆತ್ತಲು ಕಲ್ಲುಕುಟಿಗ ಬಂದ ದಿನ ಹೆಸ್ಟರ್ ಆ ಸಾಲನ್ನು ಎಂದಿನಂತೆ ಒರೆಸಿ, ನನ್ನ ಕಡೆ ತಿರುಗಿದಳು.

"ಜೋಬ್, ನಮ್ ವಿಲ್ಫನ ಹೆಸ್ರೂ ಕೆತ್ತಿಸ್ಬಿಡು."

"ಯಾಕೆ, ಏನಾದ್ರೂ ಸುದ್ದಿ ಬಂತಾ?"

"ಇಲ್ಲ. ಈಗ ಅವ್ನಿಗೆ ಐವತ್ತು ಹತ್ರ ಆಗಿರುತ್ತೆ. ಎದುರಿಗೆ ಬಂದು ನಿಂತ್ರೂ ನಂಗೆ ಗುರ್ತು ಸಿಗಲ್ಲ."