ನೋಡದ ಗಿರಣಿಗೆ ಹಾಕಿದ ಸಹಿ

ರಾಣೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬಂದು, ಹಾವೇರಿಯಲ್ಲಿ ಗಿರಣಿಗಳ ಮೇಲೆ ಕಣ್ಣಿಡುವ ಒಂದು ಸರ್ಕಾರಿ ಕಚೇರಿಯ ಗೇಟಿನ ಬಳಿ ಕೂತು ನಾನು ಅರ್ಜಿ ಬರೆಯುತ್ತಿದ್ದೆ. ಜನ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು, ನಾನು ಅದನ್ನು ಸಾಹೇಬರಿಗೆ ಒಪ್ಪುವ ಭಾಷೆಗೆ ತರುತ್ತಿದ್ದೆ. ಆ ಬಗ್ಗೆ ನನಗೆ ಜಂಬವೂ ಇತ್ತು.

ಇನ್ನೊಂದು ಕೆಲಸವೂ ಇತ್ತು. ಗಿರಣಿ ತಪಾಸಣೆಗೆ ಹೋದ ಸಾಹೇಬರು ಕಂಡದ್ದನ್ನು ಪಂಚನಾಮೆಯಲ್ಲಿ ಬರೆದು, ಸ್ಥಳದಲ್ಲಿದ್ದ ಇಬ್ಬರು ಪಂಚರ, ಅಂದರೆ ಸಾಕ್ಷಿಗಳ, ಸಹಿ ಹಾಕಿಸಬೇಕು. ಸ್ಥಳಕ್ಕೆ ಹೋಗುವವರು ಯಾರು? ಶನಿವಾರ ಜವಾನ ಕಾಗದದ ಕಟ್ಟು ತರುತ್ತಿದ್ದ. ನಾನೂ ಎದುರಿನ ಝೆರಾಕ್ಸ್ ಅಂಗಡಿಯವನೂ ಓದದೆ ಸಹಿ ಹಾಕುತ್ತಿದ್ದೆವು. ಹಾಗಾಗಿ ಗೇಟಿನ ಬಳಿಯಿಂದ ನನ್ನ ಟೇಬಲ್ಲನ್ನು ಯಾರೂ ಎಬ್ಬಿಸುತ್ತಿರಲಿಲ್ಲ.

ಒಮ್ಮೆ ಬ್ಯಾಡಗಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿ. ಮನೆಗೆ ಹೊಂದಿಕೊಂಡೇ ಖಾರಪುಡಿ ಗಿರಣಿ, ಹತ್ತು ವರ್ಷದ ಮಗಳಿಗೆ ದಮ್ಮು.

"ಗಿರಣಿ ಚಾಲೂ ಆತಂದ್ರ ಹುಡುಗಿ ಗ್ವಾಡಿ ಹಿಡದು ನಿಂದರತಾಳ್ರಿ ಅಣ್ಣಾರ. ಮಾತಾಡಾಕ ಉಸರು ಸಾಲಂಗಿಲ್ಲ."

ಮನಸ್ಸಿಟ್ಟು ದೂರು ಬರೆದೆ. ಓದಿ ಹೇಳಿದಾಗ ಅವಳು ಕಣ್ಣೊರೆಸಿಕೊಂಡಳು. ನನ್ನ ಬರವಣಿಗೆಗೆ ಅತ್ತಳೆಂದು ಒಳಗೊಳಗೇ ಹಿಗ್ಗಿದೆ.

ಸ್ಥಳ ತಪಾಸಣೆಯಲ್ಲಿ ಹುರುಳು ಕಂಡಿಲ್ಲ ಎಂಬ ಒಂದೇ ಸಾಲಿನಲ್ಲಿ ದೂರು ವಜಾ ಆಯಿತು. ಆ ತಪಾಸಣೆಗೆ ಸಾಕ್ಷಿ ಯಾರೆಂದು ನನಗೆ ಹೊಳೆಯಲೇ ಇಲ್ಲ. ಮೇಲ್ಮನವಿಯನ್ನೂ ಜೋರಾಗಿಯೇ ಬರೆದೆ.

ವಿಚಾರಣೆಯ ದಿನ ಅವಳ ಜೊತೆ ಒಳಗೆ ಹೋದೆ. ಮೇಲಧಿಕಾರಿ ಪಂಚನಾಮೆಯನ್ನು ಗಟ್ಟಿಯಾಗಿ ಓದಿದರು. ಧೂಳು ಕಂಡುಬಂದಿಲ್ಲ. ಧೂಳು ಹಿಡಿಯುವ ಯಂತ್ರ ಸುಸ್ಥಿತಿಯಲ್ಲಿದೆ. ಆಮೇಲೆ ಪಂಚರ ಹೆಸರು. ಮೊದಲನೆಯದು ನನ್ನದು. ಮೇಲ್ಮನವಿಯ ಕೆಳಗೆ ಬರೆದವನ ಹೆಸರೂ ಅದೇ ಇದ್ದದ್ದು ಕಂಡು ಮೇಲಧಿಕಾರಿ ನನ್ನತ್ತ ತಿರುಗಿದರು.

"ಅಂದ್ರ ನೀವ ಏನ್ರಿ? ಸ್ಥಳಕ್ಕ ಹೋಗಿದ್ರಿ?"

ಇಲ್ಲ ಎಂದಿದ್ದರೆ ಆ ಕಾಗದ ಅಲ್ಲೇ ಬಿದ್ದುಹೋಗುತ್ತಿತ್ತು, ಮರುತಪಾಸಣೆ ಆಗುತ್ತಿತ್ತು. ಕಚೇರಿಯ ಸಾಹೇಬರು ಮಗ್ಗುಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದರು.

"ಹೋಗಿದ್ನಿರಿ," ಎಂದೆ. ಆ ಹೇಡಿತನಕ್ಕೆ ಈಗಲೂ ಹೇಸಿಗೆಯಾಗುತ್ತದೆ.

ಮೇಲ್ಮನವಿ ಅಲ್ಲಿಗೇ ಮುಗಿಯಿತು. ಹೊರಗೆ ಬಂದ ಮೇಲೆ ಅವಳು ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ.

"ನೀವು ಬಂದ ದಿನ ಗಿರಣಿ ಬಂದ್ ಇದ್ದಿರಬೇಕ್ರಿ ಅಣ್ಣಾರ," ಎಂದಳು. ನನ್ನ ಪರವಾಗಿ ಅವಳೇ ಕಾರಣ ಹುಡುಕಿದ್ದಳು. "ನಾನೂ ಕೆಲಸಕ್ಕ ಹೋಗಿದ್ದೆ, ಕಾಣತೈತಿ. ಮಗಳು ಮನ್ಯಾಗ ಇದ್ಲು. ಒಂದು ಕೂಗು ಹಾಕಿದ್ರ ಚಾ ಆದ್ರೂ ಮಾಡಿ ಕೊಡತಿದ್ಲು."

"ಟೈಮ್ ಇರಲಿಲ್ಲ ತಂಗೀ," ಎಂದೆ.